ಉಪ್ಪು

ನನ್ನ ಕೆಲಸ ಅರೆಯುವುದು.
ಬದಖ್ಶಾನದ ಬೆಟ್ಟದಿಂದ ಒಂಟೆಯ ಬೆನ್ನೇರಿ ಬಂದ ನೀಲಿಗಲ್ಲನ್ನು
ಕುಚಾದ ಈ ಗುಹೆಯ ಬಾಗಿಲಲ್ಲಿ ಕೂತು
ಹಿಟ್ಟಾಗುವ ತನಕ, ಹಿಟ್ಟು ಹೊಗೆಯಾಗುವ ತನಕ.
ಸೀನಿದರೆ ಒಂದು ಕುದುರೆಯ ಬೆಲೆ ಹಾರಿಹೋಯಿತು
ಎನ್ನುತ್ತಿದ್ದ ಪುತ್ತಯಶೆ.
ನನ್ನ ಮೂಗಿಗೆ ತಾನೇ ಬಟ್ಟೆ ಕಟ್ಟುತ್ತಿದ್ದ.

ಆ ಚಳಿಗಾಲ ಸೊಗ್ದದ ವರ್ತಕ ನನೈವಂದಕ
ಹರಕೆ ಹೊತ್ತು ಬಂದ: ಒಂದು ಗೋಡೆ ತುಂಬ ಕಡಲು ಬೇಕು.
ನಡುವೆ ಹಡಗು, ಹಡಗಿನಲ್ಲಿ ವರ್ತಕರು,
ಬಾಯ್ದೆರೆದ ಮಕರ, ಅವರ ಬಾಯಲ್ಲಿ ಬುದ್ಧನ ಹೆಸರು.
ತಮ್ಮನೊಬ್ಬ ತೆಂಕಣ ನೀರಿಗೆ ಹೋಗಿದ್ದ,
ಮರಳಲಿಲ್ಲ.
ಅಷ್ಟು ಹೇಳಿ, ಗಂಟು ಬಿಚ್ಚಿ, ಕಲ್ಲು ತೂಗಿ ಕೊಟ್ಟ.

ಪುತ್ತಯಶೆ ಕಡಲು ಕಂಡವನಲ್ಲ.
ನಮ್ಮೂರಲ್ಲಿ ಯಾರೂ ಕಂಡವರಲ್ಲ.
ನಮ್ಮ ನದಿಗಳು ಕೂಡ
ಕಡಲು ಹುಡುಕಿ ಹೊರಟು, ಮರಳಲ್ಲಿ ದಾರಿ ತಪ್ಪಿ,
ಅಲ್ಲೇ ಮಲಗಿಬಿಡುತ್ತವೆ.

ಛತ್ರಕ್ಕೆ ಬಂದವರನ್ನೆಲ್ಲ ಕೇಳಿದ.
ಚೀನದ ರೇಷ್ಮೆ ಲೆಕ್ಕಿಗ ಅಂದ: ಅದು ಮಡಿಸಲಾಗದ ಥಾನು.
ಖೋತಾನಿನ ಕುರುಬ: ಮರಳೇ ಕಣಯ್ಯ, ಒದ್ದೆ ಮರಳು.
ಕುದುರೆಗಳಿಗೆ ಲಾಳ ಕಟ್ಟುವ ಮುದುಕ
ಕಂಡಿರದಿದ್ದರೂ ಬಹಳ ಹೊತ್ತು ವಿವರಿಸಿದ.
ಭರುಕಚ್ಛದಿಂದ ಬಂದಿದ್ದ ಭಿಕ್ಷು ಗುಣಘೋಷ ಮಾತ್ರ
ಜ್ವರದಲ್ಲಿ ಕಂಬಳಿಯೊಳಗಿಂದ
ಎರಡೇ ಮಾತು ಹೇಳಿದ:
"ಸುಮ್ಮನಿರುವುದಿಲ್ಲ. ಉಪ್ಪು."

ಪುತ್ತಯಶೆ ಮೊದಲ ಮಾತು ಹಿಡಿದುಕೊಂಡ.
ಅಲೆಗೆ ಅಲೆ, ಹೊಟ್ಟೆಗೆ ಬೆನ್ನು ಸೇರಿಸಿ
ಮಲಗಿದ ಕುರಿಮಂದೆಯ ಹಾಗೆ ಬರೆದ,
ಕೆಡಿಸಿದ, ಮತ್ತೆ ಬರೆದ.

ಎರಡನೆಯದು ನನಗೆ ಉಳಿಯಿತು.
ಬೆರಳಿಗಂಟಿದ ನೀಲಿಯನ್ನು ನೆಕ್ಕಿ ನೋಡಿದೆ,
ಏನೂ ಇಲ್ಲ, ಬರೀ ಕಲ್ಲು.
ಉಪ್ಪಿಲ್ಲದ ಕಡಲು ಎಂಥ ಕಡಲು?
ಹನ್ನೆರಡರ ಹುಡುಗಿ, ಬುದ್ಧಿ ಎಷ್ಟಿದ್ದೀತು.
ಲಾಯದಲ್ಲಿ ಒಂಟೆಗಳು ನೆಕ್ಕುವ ಉಪ್ಪಿನ ಗಡ್ಡೆಯಿಂದ
ಚೂರು ಕೆರೆದು ತಂದು
ಅಂಟಿನ ಜೊತೆ ಕಲೆಸಿಬಿಟ್ಟೆ,
ದಿನವೂ, ಯಾರಿಗೂ ಹೇಳದೆ.

ಗೋಡೆ ಮುಗಿಯಿತು. ಮಕರನ ಹಲ್ಲೆಣಿಸಿ
ಜನ ಹೋದರು. ಹಿಮ ಕರಗಿತು,
ಬಂಡೆಯೊಳಗೆ ಎಲ್ಲೋ ತೇವ ಎದ್ದಿತು.
ಉಪ್ಪು ತಿಂದದ್ದು ನೀರು ಕುಡಿಯಲೇಬೇಕಲ್ಲ,
ಗೋಡೆ ಕುಡಿಯಿತು.
ಒಂದು ಬೆಳಿಗ್ಗೆ ದೀಪ ಹಿಡಿದು ನೋಡಿದರೆ
ಅಲೆಗಳ ನೆತ್ತಿಯ ಮೇಲೆಲ್ಲ ಬೆಳ್ಳಗೆ, ಬಿರುಸಾಗಿ,
ಯಾರೂ ಬರೆಯದ್ದು ಅರಳಿತ್ತು.

ಪುತ್ತಯಶೆ ಬೆರಳಿಂದ ಉಜ್ಜಿದ. ನನ್ನ ಕಡೆ ತಿರುಗಿದ.
ಬಯ್ಯಲಿಲ್ಲ. ಬೈದಿದ್ದರೆ ಎದ್ದು ಓಡಬಹುದಿತ್ತು.
ಕುಂಚಗಳನ್ನು ಒಂದೊಂದಾಗಿ ತೊಳೆದು
ತಲೆಕೆಳಗೆ ನಿಲ್ಲಿಸಿ ಹೊರಟುಹೋದ.

ಮಾರನೆಯ ದಿನ ಗುಣಘೋಷ ಕೋಲೂರಿ ಬಂದ.
ಚಪ್ಪಲಿ ಬಿಡಲು ಮರೆತ. ಗೋಡೆಯೆದುರು ಕೂತು
ತನ್ನ ಊರಿನ ಭಾಷೆಯಲ್ಲಿ ಏನೋ ಅಂದ,
ನನಗೆ ತಿಳಿಯದ ಭಾಷೆ;
ಹಿಂದಕ್ಕೆ ಸರಿದು ಕೂತ,
ಕಾಲಿಗೆ ನೀರು ತಾಕೀತು ಎನ್ನುವ ಹಾಗೆ.

ನನೈವಂದಕ ಸಂಜೆಗೆ ಬಂದ.
ನೊರೆಯ ಮೇಲೆ ಬೆರಳಿಟ್ಟು
ನಾಲಿಗೆಗೆ ಮುಟ್ಟಿಸಿಕೊಂಡ.
ಹೊರಗೆ ಹೋಗಿ ಒಂಟೆಗಳ ನಡುವೆ
ಕತ್ತಲಾಗುವವರೆಗೂ ನಿಂತಿದ್ದ.
ಉಳಿದ ಕಲ್ಲನ್ನು ವಾಪಸು ಕೇಳಲಿಲ್ಲ.

ಉಪ್ಪು ಉಣ್ಣುತ್ತ ಉಣ್ಣುತ್ತ
ಗೋಡೆಯನ್ನೇ ತಿನ್ನುತ್ತದಂತೆ.
ಎಷ್ಟು ವರ್ಷ ತಡೆದೀತೋ.
ಹಡಗಿನ ಮೂಲೆಯಲ್ಲಿ ಈಗಾಗಲೇ ಒಂದು ಹೆಕ್ಕಳ ಎದ್ದಿದೆ,
ನಾನು ಕಂಡರೂ ಕಾಣದಂತಿದ್ದೇನೆ.

ಮೂರು ದಿನ ಮಾತಿರಲಿಲ್ಲ.
ನಾಲ್ಕನೆಯ ದಿನ ಪುತ್ತಯಶೆ
ಮೂಗಿಗೆ ಬಟ್ಟೆ ಕಟ್ಟುತ್ತ, ಗಂಟು ಬಿಗಿಯುತ್ತ,
ಗೋಡೆಗೂ ಕೇಳಿಸದಂತೆ ಕೇಳಿದ:

"ಎಷ್ಟು ಚಿಟಿಕೆ ಹಾಕಿದ್ದೆ, ಲಾರಿಷ್ಕಾ?"